ಸೋರುತ್ತಿದ್ದ ಕೆನ್ನೆ

ನನ್ನ ಬಲಗೆನ್ನೆಯಲ್ಲಿ ಸುಮಾರು ಐದು ತಿಂಗಳು ಒಂದು ತೂತಿತ್ತು. ಈಗ ಇಲ್ಲ. ಹತ್ತಿರ ಬಂದು ನೋಡಿದರೆ ಅಕ್ಕಿಕಾಳಿನಷ್ಟು ಉದ್ದದ ಒಂದು ಗೆರೆ ಕಾಣುತ್ತದೆ, ಎರಡು ದಿನ ಗಡ್ಡ ಬಿಟ್ಟರೆ ಅದೂ ಕಾಣುವುದಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟುದ್ದ ಬರೆಯಬೇಕೇ ಎಂದು ನೀವು ಕೇಳಬಹುದು. ಕೆನ್ನೆಯಲ್ಲಿ ತೂತಿಟ್ಟುಕೊಂಡು ಗುಮಾಸ್ತನೋ ಡ್ರೈವರ್ರೋ ಹೇಗೋ ಕಾಲ ಹಾಕಬಹುದು. ನನ್ನದು ಊದುವ ಕೆಲಸ. ಹದಿನೆಂಟು ವರ್ಷದಿಂದ ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದೇನೆ. ಮದುವೆ ಇಲ್ಲದ ದಿನ ಮಂಡಿ ಮೊಹಲ್ಲಾದ ಒಂದು ವರ್ಕ್‌ಶಾಪಿನಲ್ಲಿ ಇಂಥದೇ ವಾದ್ಯಗಳ ನೆಗ್ಗು ತೆಗೆದು, ಬೆಸುಗೆ ಹಾಕಿ, ಗಾಳಿ ಸೋರುವುದನ್ನು ನಿಲ್ಲಿಸುತ್ತೇನೆ. ಅಂದರೆ ಸೋರುವುದನ್ನು ರಿಪೇರಿ ಮಾಡುವವನೇ ಸೋರಲು ಶುರುಮಾಡಿದ ಕಥೆ ಇದು.

ಕಳೆದ ತಿಂಗಳು ಒಬ್ಬ ಕಾಲೇಜು ಹುಡುಗಿ ತನ್ನ ಕ್ಲಾರಿನೆಟ್ಟನ್ನು ರಿಪೇರಿಗೆ ತಂದಿದ್ದಳು. ಅವಳ ಕೆಳತುಟಿಯಲ್ಲಿ ಒಂದು ಸಣ್ಣ ರಿಂಗು. ವಾದ್ಯ ಪರೀಕ್ಷೆ ಮಾಡಿದರೆ ಅದಕ್ಕೇನೂ ಆಗಿರಲಿಲ್ಲ. ಹಾಗೆಂದಾಗ ಹುಡುಗಿ ಮೆಲ್ಲಗೆ, "ಅಂಕಲ್, ತುಟಿ ಚುಚ್ಚಿಸ್ಕೊಂಡ ಮೇಲೆ ಊದಿದ್ರೆ ಉರಿಯುತ್ತೆ, ಪಕ್ಕದಲ್ಲಿ ಗಾಳಿನೂ ಹೋಗುತ್ತೆ. ಮನೇಲಿ ಹೇಳೋಕೆ ಭಯ. ನನಗೊಬ್ಬಳಿಗೇ ಹೀಗಾ?" ಎಂದಳು. "ಮೊದಲು ಡಾಕ್ಟರ ಹತ್ರ ಹೋಗಿ ನಿಜ ಹೇಳಮ್ಮ. ನಿಜ ಹೇಳೋದೇ ಅರ್ಧ ಔಷಧಿ" ಎಂದು ದೊಡ್ಡ ಮನುಷ್ಯನ ಹಾಗೆ ಬುದ್ಧಿ ಹೇಳಿದೆ. ನಮ್ಮ ವರ್ಕ್‌ಶಾಪಿನ ಮಾಲೀಕರೂ ಬ್ಯಾಂಡಿನ ಮಾಸ್ಟರೂ ಆದ ಇಮ್ತಿಯಾಜ್ ಭಾಯ್ ಒಳಗಿನಿಂದ ಗಹಗಹಿಸಿ ನಕ್ಕರು. "ಹೇಳ್ತಿರೋರು ಯಾರು ನೋಡಮ್ಮ! ಇವರ ಕಥೆ ಕೇಳು ಮೊದ್ಲು." ಹುಡುಗಿ ಸ್ಟೂಲ್ ಎಳೆದುಕೊಂಡು ಕೂತು ಪೂರ್ತಿ ಕೇಳಿದಳು. ಅವಳು ನಗುತ್ತಾ ಹೋದದ್ದು ನೋಡಿ, ಬರೆದರೆ ಇನ್ನೂ ನಾಲ್ಕು ಜನಕ್ಕೆ ಧೈರ್ಯ ಬಂದೀತು ಅನ್ನಿಸಿತು.

ನಮ್ಮ ಮನೆ ವಿದ್ಯಾರಣ್ಯಪುರಂನಲ್ಲಿ. ಅಪ್ಪ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಹಳ್ಳಿ ಬಿಟ್ಟು ಮೈಸೂರಿಗೆ ಬಂದ ಮೇಲೆ ಬೌದ್ಧನಾದ. ನಡುಮನೆಯಲ್ಲಿ ಬುದ್ಧನ ಫೋಟೋ ಇದೆ. ಅದರ ಕೆಳಗೆ ಕೂತು ಅಪ್ಪ ಪೇಪರು ಓದುತ್ತಾನೆ, ಓದಿದ್ದನ್ನೆಲ್ಲ ಮನೆಗೂ ಬೀದಿಗೂ ಕೇಳುವ ಹಾಗೆ ವಿವರಿಸುತ್ತಾನೆ. ಅವ್ವನೂ ಬುದ್ಧನಿಗೆ ದಿನಾ ಕೈಮುಗಿಯುತ್ತಾಳೆ. ಆದರೆ ಅಡುಗೆಮನೆಯ ಬೇಳೆ ಡಬ್ಬದ ಹಿಂದೆ ಅವಳ ತವರೂರಿನ ಮಾರಮ್ಮನ ಪಟವೂ ಒಂದಿದೆ. ಅದು ಅಲ್ಲಿರುವುದು ಅಪ್ಪನಿಗೆ ಗೊತ್ತು, ಅಪ್ಪನಿಗೆ ಗೊತ್ತಿರುವುದು ಅವ್ವನಿಗೂ ಗೊತ್ತು. ಅಪ್ಪ ಬೇಳೆ ಡಬ್ಬ ಮುಟ್ಟುವುದಿಲ್ಲ. ನಲವತ್ತು ವರ್ಷದ ಸಂಸಾರ ಹೀಗೇ ಸುಸೂತ್ರವಾಗಿ ನಡೆದಿದೆ.

ಎರಡು ವರ್ಷದ ಹಿಂದೆ ಅಪ್ಪನಿಗೆ ಹಾರ್ಟ್ ಆಪರೇಶನ್ ಆಯಿತು. ಚೇತರಿಸಿಕೊಂಡು ಮನೆಗೆ ಬಂದವನು ಮೊದಲಿಗಿಂತ ಜಾಸ್ತಿ ಮಾತಾಡತೊಡಗಿದ. ಎಲ್ಲ ಸರಿಹೋಯಿತು ಎಂದುಕೊಂಡಿದ್ದಾಗ ಒಂದು ದಿನ ಅವ್ವ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ನಿಮ್ಮಪ್ಪನ್ನ ಒಳಕ್ಕೆ ಕರ್ಕೊಂಡೋದಾಗ ಒಂದು ಅರಕೆ ಹೊತ್ಕಂಡಿದ್ದೆ ಕಣ್ಲಾ ಸಿದ್ದ. ಎದ್ದು ಓಡಾಡಂಗಾದ್ರೆ ಬಾಯಿಬೀಗ ಹಾಕಿಸ್ತೀನಿ ಅಂತ."

"ಹಾಕಿಸ್ಕೊ ಅವ್ವ, ಯಾರು ಬ್ಯಾಡ ಅಂದ್ರು?"

"ನಂಗಲ್ಲ ಕಣೋ. ನಂಗೆ ಸಕ್ಕರೆ ಕಾಯ್ಲೆ, ಗಾಯ ಮಾಯಕ್ಕಿಲ್ಲ. ನಿನ್ ಕೆನ್ನೆ ಕೊಡ್ತೀನಿ ಅಂತ ಹೇಳ್ಬುಟ್ಟಿವ್ನಿ."

ಬಾಯಿಬೀಗ ನೋಡದವರಿಗೆ ಒಂದು ಮಾತು. ಹರಕೆ ಹೊತ್ತವರ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ತೆಳುವಾದ ಸರಳನ್ನು ದಾಟಿಸುತ್ತಾರೆ. ಅವರು ಮಾತಿಲ್ಲದೆ ಗುಡಿಯವರೆಗೆ ನಡೆದು ಹೋಗಬೇಕು. ಅಲ್ಲಿ ಸರಳನ್ನು ತೆಗೆದು ಗಾಯಕ್ಕೆ ವಿಭೂತಿ ಒತ್ತಿ ಕಳಿಸುತ್ತಾರೆ. ಅವ್ವನ ಕಡೆಯವರಲ್ಲಿ ಹಾಕಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ, ಅವರಿಗೆಲ್ಲ ಮೂರು ದಿನಕ್ಕೆ ಮಾಯ್ದಿದೆ. ಅವರಲ್ಲಿ ಟ್ರಂಪೆಟ್ ಊದುವವನು ಒಬ್ಬನೂ ಇರಲಿಲ್ಲ ಎನ್ನುವುದು ಅವ್ವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ನಾನು ಅಪ್ಪನಷ್ಟು ವಿಚಾರವಾದಿಯೂ ಅಲ್ಲ, ಅವ್ವನಷ್ಟು ಭಕ್ತನೂ ಅಲ್ಲ. ಅವ್ವನ ಮುಖ ನೋಡಿದರೆ ಇಲ್ಲ ಎನ್ನಲು ಆಗಲಿಲ್ಲ, ಅಷ್ಟೇ. ಅಪ್ಪನಿಗೆ ನೆಂಟರ ಮನೆಯಲ್ಲಿ ಊಟ ಇದೆ ಎಂದು ಸುಳ್ಳು ಹೇಳಿ ಇಬ್ಬರೂ ಅವಳ ತವರಿಗೆ ಹೋದೆವು. ನಿಜ ಹೇಳಬೇಕೆಂದರೆ ಅಷ್ಟು ನೋವಾಗಲಿಲ್ಲ. ಅವ್ವ ನನ್ನ ಪಕ್ಕದಲ್ಲೇ ನಡೆಯುತ್ತಿದ್ದಳು, ನನಗಿಂತ ಅವಳ ಕಣ್ಣಲ್ಲೇ ನೀರು ಜಾಸ್ತಿ. ಗುಡಿಯಲ್ಲಿ ಸರಳು ತೆಗೆದಾಗ ಅವಳ ಮುಖದಲ್ಲಿ ಒಂದು ನಿರಾಳ ಕಂಡಿತು. ಕೆನ್ನೆ ಕೊಟ್ಟಿದ್ದಕ್ಕೆ ಆ ಒಂದು ಗಳಿಗೆಯಲ್ಲಿ ನನಗೆ ನಿಜಕ್ಕೂ ಸಂತೋಷವಾಯಿತು.

ನಾಲ್ಕನೇ ದಿನ ಒಂದು ಮದುವೆ ಇತ್ತು. ಎಡಗೆನ್ನೆ ಮಾಯ್ದಿತ್ತು, ಬಲಗೆನ್ನೆ ಒಳಗಿನಿಂದ ಇನ್ನೂ ಹಸಿಯಾಗಿತ್ತು. ಅಪ್ಪನ ಕಣ್ಣು ತಪ್ಪಿಸಲು ದಿನಾ ಹಚ್ಚುತ್ತಿದ್ದ ಪೌಡರನ್ನೇ ಹಚ್ಚಿಕೊಂಡು, ಕೆಂಪು ಕೋಟು ಹಾಕಿಕೊಂಡು ಹೋಗಿ ಊದಿದೆ. ಹೆಣ್ಣಿನ ಕಡೆಯವರು ಒನ್ಸ್ ಮೋರ್ ಎಂದರು, ಇನ್ನೂ ಜೋರಾಗಿ ಊದಿದೆ. ಮೂರನೇ ಹಾಡಿನ ಹೊತ್ತಿಗೆ ಬಲಗೆನ್ನೆ ಬಿಗಿದುಕೊಳ್ಳತೊಡಗಿತು. ಮೆರವಣಿಗೆ ಮುಗಿಯುವಷ್ಟರಲ್ಲಿ ಕಣ್ಣಿನ ಕೆಳಗಿನವರೆಗೂ ಊದಿಕೊಂಡಿತ್ತು. ಬೆರಳಿಟ್ಟು ಒತ್ತಿದರೆ ಚರ್ಮದ ಕೆಳಗೆ ಕಡಲೆಪುರಿ ಹಿಸುಕಿದ ಹಾಗೆ ಚುರುಚುರು ಎನ್ನುತ್ತಿತ್ತು. ನನ್ನ ಮುಖದಿಂದ ಅಂಥ ಸದ್ದು ಬಂದದ್ದು ಅದೇ ಮೊದಲು.

ಮನೆಗೆ ಬಂದರೆ ಬೀದಿಯೆಲ್ಲ ಸೇರಿ ಒಂದೇ ನಿಮಿಷದಲ್ಲಿ ಅದು ಮಂಗನಬಾವು ಎಂದು ತೀರ್ಮಾನ ಮಾಡಿಬಿಟ್ಟರು. ಎದುರುಮನೆಯವರು ಮಕ್ಕಳನ್ನು ಒಳಗೆ ಕರೆದುಕೊಂಡರು. ಹಿಂದಿನ ಬೀದಿಯ ಅಜ್ಜಿಯೊಬ್ಬರು ಬಂದು ಕೆನ್ನೆಗೆ ಅದೇನೋ ಲೇಪ ಬಳಿದು ಹೋದರು. ಮೂವತ್ತೆಂಟು ವರ್ಷದವನಿಗೆ ಮಂಗನಬಾವೇ ಎಂದು ಅಪ್ಪ ಒಂದು ಗಂಟೆ ಚರ್ಚೆ ಮಾಡಿದ. ಅವ್ವ ಮಾತ್ರ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಹತ್ತಿರದ ಕ್ಲಿನಿಕ್ಕಿಗೆ ಹೋದರೆ ಅಲ್ಲಿಯ ಡಾಕ್ಟರು ದವಡೆಹಲ್ಲಿನ ತೊಂದರೆ ಇರಬಹುದು ಎಂದು ಮಾತ್ರೆ ಬರೆದುಕೊಟ್ಟರು. ತಪ್ಪು ಅವರದಲ್ಲ. ಏನಾಯಿತು ಎಂದು ಅವರು ಕೇಳಿದ್ದರು, ಏನೂ ಆಗಿಲ್ಲ ಎಂದು ನಾನು ಹೇಳಿದ್ದೆ. ಏಕೆಂದರೆ ಅಪ್ಪ ಪಕ್ಕದಲ್ಲೇ ನಿಂತಿದ್ದ.

ಊತ ಇಳಿಯಿತು. ನಾನು ಮತ್ತೆ ಊದಿದೆ, ಅದು ಮತ್ತೆ ಬಂತು. ನಾಲ್ಕು ದಿನ ಬಿಟ್ಟರೆ ಹೋಗುತ್ತಿತ್ತು, ಊದಿದರೆ ಬರುತ್ತಿತ್ತು. ಎರಡು ತಿಂಗಳು ಕಣ್ಣುಮುಚ್ಚಾಲೆ ಆಡಿ ಕೊನೆಗೆ ಊತ ಬರುವುದು ನಿಂತಿತು. ಆದರೆ ಅದರ ಬದಲಿಗೆ ಇನ್ನೊಂದು ಶುರುವಾಯಿತು. ಒಂದು ಮಧ್ಯಾಹ್ನ ಹುಳಿ ಸಾರು ಕಲೆಸಿಕೊಂಡು ಉಣ್ಣುವಾಗ ಕೆನ್ನೆಯ ಮೇಲೆ ತಣ್ಣಗೆ ಒಂದು ಹನಿ ಇಳಿಯಿತು. ಬೆವರು ಎಂದುಕೊಂಡು ಒರೆಸಿದೆ. ಇನ್ನೊಂದು ಹನಿ ಬಂತು. ಎದುರಿಗೆ ಕೂತಿದ್ದ ನನ್ನ ಹೆಂಡತಿ ಭಾಗ್ಯ ತುತ್ತು ಕೈಯಲ್ಲೇ ಹಿಡಿದು, "ರೀ, ನಿಮ್ ಕೆನ್ನೆ ಜೊಲ್ಲು ಸುರಿಸ್ತಾ ಇದೆ" ಎಂದಳು. ಅಂದಿನಿಂದ ಊಟಕ್ಕೆ ಕೂತಾಗ ಕರ್ಚೀಫು ಪಕ್ಕದಲ್ಲೇ ಇಟ್ಟುಕೊಳ್ಳತೊಡಗಿದೆ. ಅಪ್ಪ ಕೇಳಿದರೆ ಸೆಕೆ ಎನ್ನುತ್ತಿದ್ದೆ. ಅದು ಡಿಸೆಂಬರ್ ತಿಂಗಳು.

ಊಟದ ವಿಷಯ ಹೇಗೋ ಆಗುತ್ತಿತ್ತು. ಟ್ರಂಪೆಟ್ಟಿನಲ್ಲಿ ಮೇಲಿನ ಸ್ವರಗಳು ಬರುವುದೇ ನಿಂತವು. ಮೇಲಕ್ಕೆ ಹೋಗಬೇಕೆಂದರೆ ಉಸಿರನ್ನು ಬಿಗಿಯಾಗಿ ಹಿಡಿದು ತಳ್ಳಬೇಕು, ಬಿಗಿಯಾದ ಕೂಡಲೇ ಕೆನ್ನೆಯಲ್ಲಿ ಸುಯ್ ಎಂದು ಗಾಳಿ ಹೋಗುತ್ತಿತ್ತು. ಒಂದು ದಿನ ವರ್ಕ್‌ಶಾಪಿನಲ್ಲಿ ಇಮ್ತಿಯಾಜ್ ಭಾಯ್ ನನ್ನ ಅಭ್ಯಾಸ ಕೇಳಿಸಿಕೊಂಡು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟರು.

"ಸಿದ್ದು, ನಿನ್ನ ಪೀಸು ಸೋರ್ತಾ ಇದೆ. ತಗೊಂಡ್ ಬಾ ಇಲ್ಲಿ."

ಪೀಸು ಎಂದರೆ ವಾದ್ಯ. ಅದು ಸೋರುತ್ತಿದೆಯೇ ಎಂದು ನೋಡಲು ನಮ್ಮಲ್ಲಿ ಒಂದೇ ಪರೀಕ್ಷೆ, ಪಂಕ್ಚರ್ ಅಂಗಡಿಯದೇ ಪರೀಕ್ಷೆ. ಒಂದು ತುದಿ ಮುಚ್ಚಿ, ಇನ್ನೊಂದು ತುದಿಯಿಂದ ಊದುತ್ತಾ ಬಕೆಟ್ ನೀರಿನಲ್ಲಿ ಮುಳುಗಿಸುತ್ತೇವೆ. ಗುಳ್ಳೆ ಎಲ್ಲಿ ಬಂತೋ ಅಲ್ಲಿ ತೂತು. ನನ್ನ ಟ್ರಂಪೆಟ್ಟನ್ನು ಮುಳುಗಿಸಿದರು. ಒಂದು ಗುಳ್ಳೆಯೂ ಬರಲಿಲ್ಲ. ಭಾಯ್ ಅದನ್ನು ಒರೆಸಿ ಪಕ್ಕಕ್ಕಿಟ್ಟು ನನ್ನ ಮುಖವನ್ನೇ ನೋಡಿದರು.

"ಪೀಸು ಚೆನ್ನಾಗಿದೆ. ಹಂಗಾದ್ರೆ ನೀನು ಮುಳುಗಪ್ಪ."

ತಮಾಷೆಗೆ ಹೇಳಿದ್ದು. ನಾನೂ ತಮಾಷೆಗೇ ಬಕೆಟ್ಟಿಗೆ ಬಾಗಿ ಬಲಗೆನ್ನೆಯನ್ನು ನೀರಿಗಿಟ್ಟು, ತುಟಿ ಬಿಗಿಹಿಡಿದು ಊದಿದೆ. ಕಿವಿಯ ಪಕ್ಕದಲ್ಲೇ ಗುಳುಗುಳು ಎಂದು ಗುಳ್ಳೆಗಳು ಎದ್ದವು. ಒಂದರ ಹಿಂದೆ ಒಂದು, ಸಾಲಾಗಿ. ಭಾಯ್ ಬಿದ್ದು ಬಿದ್ದು ನಕ್ಕರು. ನಾನೂ ತಲೆ ಎತ್ತಿ ನಕ್ಕೆ. ಆಮೇಲೆ ಮುಖ ಒರೆಸಿಕೊಳ್ಳುವಾಗ ನನಗೆ ಅಳು ಬಂದುಬಿಟ್ಟಿತು. ಹಿತ್ತಾಳೆಯ ತೂತಾದರೆ ಬೆಸುಗೆ ಹಾಕಬಲ್ಲೆ, ಇದಕ್ಕೆ ಏನು ಮಾಡಲಿ? ಊದದೇ ಇದ್ದರೆ ನಾನು ಯಾರು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಭಾಯ್ ನಗು ನಿಲ್ಲಿಸಿ ಭುಜದ ಮೇಲೆ ಕೈಯಿಟ್ಟು, "ನಾಳೆನೇ ದೊಡ್ಡ ಆಸ್ಪತ್ರೆಗೆ ಹೋಗು. ಹೋಗಿಲ್ಲಾಂದ್ರೆ ನಾನೇ ನಿಮ್ಮಪ್ಪನಿಗೆ ಹೇಳ್ತೀನಿ" ಎಂದರು.

ಕಿವಿ, ಮೂಗು, ಗಂಟಲಿನ ವಿಭಾಗಕ್ಕೆ ಒಬ್ಬನೇ ಹೋಗುವುದು ಎಂದು ನಿರ್ಧರಿಸಿದ್ದೆ. ಭಾಗ್ಯಳಿಗೆ ಹೆಬ್ಬಾಳದಲ್ಲಿ ಬೆಳಗಿನ ಶಿಫ್ಟು. ಆದರೆ ಆಸ್ಪತ್ರೆ ಎನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಅಪ್ಪ ಶರ್ಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ತನ್ನ ಆಪರೇಶನ್ ಆದಮೇಲೆ ಅಪ್ಪ ತನ್ನನ್ನು ಆಸ್ಪತ್ರೆಗಳ ವಿಷಯದಲ್ಲಿ ತಜ್ಞ ಎಂದೇ ತಿಳಿದುಕೊಂಡಿದ್ದಾನೆ. "ನಿಂಗೇನ್ ಗೊತ್ತು ಅಲ್ಲಿ? ಮೊದ್ಲು ಚೀಟಿ ಎಲ್ಲಿ, ಆಮೇಲೆ ಲಿಫ್ಟ್ ಎಲ್ಲಿ, ಎಲ್ಲ ನಂಗೆ ಗೊತ್ತು. ನಡಿ" ಎಂದ. ಅತ್ತ ದರಿ, ಇತ್ತ ಪುಲಿ.

ಹೊರಗಿನ ಬೆಂಚಿನಲ್ಲಿ ಎರಡು ಗಂಟೆ ಕೂತೆವು. ಒಂದು ಬದಿಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡ ಮೇಷ್ಟರು, ಇನ್ನೊಂದು ಬದಿಯಲ್ಲಿ ಮೂಗಿನೊಳಗೆ ಕಡಲೆಬೀಜ ಹಾಕಿಕೊಂಡಿದ್ದ ಮೂರು ವರ್ಷದ ಮಗು ಮತ್ತು ಅದರ ತಾಯಿ. ಅಪ್ಪ ಮೇಷ್ಟರಿಗೆ ತನ್ನ ಎದೆಯ ಆಪರೇಶನ್ ಕಥೆಯನ್ನು ಮೊದಲಿನಿಂದ ಹೇಳಿದ. ಮೇಷ್ಟರಿಗೆ ಅರ್ಧ ಕೇಳಿಸುತ್ತಿರಲಿಲ್ಲ, ಹಾಗಾಗಿ ಇಬ್ಬರಿಗೂ ತೃಪ್ತಿ. ಮಗು ನನ್ನ ಕೆನ್ನೆ ನೋಡಿ ಕೈ ಚಾಚಿತು. ನಾನು ಮೆತ್ತಗೆ ಗಾಳಿ ತಳ್ಳಿ ಒಂದು ಸುಯ್ ಮಾಡಿ ತೋರಿಸಿದೆ. ಅದು ಕೇಕೆ ಹಾಕಿ ನಕ್ಕಿತು, ನಕ್ಕ ರಭಸಕ್ಕೆ ಕಡಲೆಬೀಜ ಹೊರಗೆ ಹಾರಿತು. ತಾಯಿ ನನಗೆ ಕೈಮುಗಿದು, ಚೀಟಿ ವಾಪಸ್ ಕೊಟ್ಟು ಮನೆಗೆ ಹೋದಳು. ಆ ತೂತಿನಿಂದ ಆದ ಒಂದೇ ಒಂದು ಉಪಕಾರ ಅದು.

ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಮಾತು ಕಡಿಮೆ. ಕೆನ್ನೆಯನ್ನು ಹೊರಗೂ ಒಳಗೂ ಬೆಳಕು ಬಿಟ್ಟು ನೋಡಿದರು. "ಏನು ಚುಚ್ಚಿಕೊಂಡ್ರಿ?" ಎಂದರು.

"ಏನಿಲ್ಲ ಮೇಡಂ, ಶೇವ್ ಮಾಡುವಾಗ ಗಾಯ ಆಯ್ತು."

"ಒಳಗಡೆನೂ ಶೇವ್ ಮಾಡ್ತೀರಾ?"

ನಾನು ಕರ್ಚೀಫಿನಿಂದ ಕೆನ್ನೆ ಒರೆಸಿಕೊಂಡೆ. ಡಾಕ್ಟರಮ್ಮ, "ಇನ್ನೊಂದು ಕಡೆನೂ ಇದೆಯಾ?" ಎಂದು ಕೇಳಿದ್ದೇ ನನ್ನ ಕೈ ತಾನಾಗಿ ಎಡಗೆನ್ನೆಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಪ್ಪ ಕುರ್ಚಿಯಿಂದ ಎದ್ದು ಬಂದ. ನನ್ನ ಗಲ್ಲ ಹಿಡಿದು ಮುಖವನ್ನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ಮೂವತ್ತು ವರ್ಷ ಕಬ್ಬಿಣಕ್ಕೆ ತೂತು ಕೊರೆದವನ ಕಣ್ಣು ಅದು.

"ಮೇಡಂ, ಎರಡೂ ಒಂದೇ ಲೈನಲ್ಲಿ ಅವೆ. ಇದು ಈ ಕಡೆಯಿಂದ ಹೊಡ್ದು ಆ ಕಡೆ ತೆಗ್ದವ್ರೆ" ಎಂದ. ಆಮೇಲೆ ನನ್ನ ಕಡೆ ತಿರುಗಿದ. "ಬಾಯಿಬೀಗನ್ಲಾ?"

ತಲೆ ಆಡಿಸಿದೆ.

"ಯಾರಿಗೋಸ್ಕರ?"

"ನಿನ್ಗೋಸ್ಕರನೇ ಅಪ್ಪ. ನಿನ್ನ ಆಪರೇಶನ್ ದಿನ ಅವ್ವ ಹೊತ್ಕಂಡಿದ್ದು."

ಅಪ್ಪ ನನ್ನ ಗಲ್ಲ ಬಿಡಲಿಲ್ಲ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈದ. "ಬೇಲೀಲಿ ಹೋಗೋ ಓತಿಕ್ಯಾತನ ತಂದು ಕಿವಿಗೆ ಬಿಟ್ಕಂಡಂಗೆ ಮಾಡ್ಕಂಡಿದ್ದೀಯಲ್ಲೋ! ನನ್ನ ಎದೆ ಸರಿ ಮಾಡಿದ್ದು ಡಾಕ್ಟರು, ನಿನ್ನ ಬಾಯಿಗೆ ಯಾಕ್ಲಾ ಸರಳು? ಊದೋ ಬಾಯಿ ಕಣೋ ಅದು!" ಡಾಕ್ಟರಮ್ಮ ನಡುವೆ ಬಾಯಿ ಹಾಕದೆ ಬರೆದುಕೊಳ್ಳುತ್ತಿದ್ದರು. "ಈಗ ಗೊತ್ತಾಯ್ತಲ್ಲ, ಇದನ್ನ ಮೊದಲೇ ಹೇಳಿದ್ದಿದ್ರೆ ಇಷ್ಟು ದೂರ ಬರ್ತಿರಲಿಲ್ಲ" ಎಂದಷ್ಟೇ ಹೇಳಿದರು. ಹಸಿ ಗಾಯದೊಳಗೆ ಊದಿ ಊದಿ ಗಾಳಿ ತುಂಬಿಸಿ, ಕೂಡಿಕೊಳ್ಳಬೇಕಿದ್ದ ತೂತನ್ನು ನಾನೇ ಖಾಯಂ ಮಾಡಿಕೊಂಡಿದ್ದೆ.

ಆಮೇಲೆ ನಿಂಬೆಹಣ್ಣಿನ ಪರೀಕ್ಷೆ. ನರ್ಸಮ್ಮ ನನ್ನ ನಾಲಿಗೆಯ ಮೇಲೆ ನಿಂಬೆಹುಳಿ ಹಿಂಡಿದರು, ಡಾಕ್ಟರಮ್ಮ ಹೊರಗಿನಿಂದ ಕೆನ್ನೆ ನೋಡುತ್ತಾ ಕೂತರು. ಜೊಲ್ಲು ಬರುವ ನಾಳವೇ ತುಂಡಾಗಿದ್ದರೆ ಒಂದು ದಾರಿ, ಇಲ್ಲದಿದ್ದರೆ ಇನ್ನೊಂದು ದಾರಿ ಎಂದಿದ್ದರು. ಅಪ್ಪನೂ ಕನ್ನಡಕ ಹಾಕಿಕೊಂಡು ಬಾಗಿ ನೋಡಿದ. ಒಂದೆರಡು ಹನಿ ಮಾತ್ರ ಬಂತು. ನಾಳ ಉಳಿದಿದೆ, ತೂತನ್ನು ಕತ್ತರಿಸಿ ತೆಗೆದು ಒಳಗಿನಿಂದ ಹೊಲಿದರೆ ಆಗುತ್ತದೆ ಎಂದರು. ನಾನು ಕೇಳಬೇಕಾದ ಪ್ರಶ್ನೆ ನಾಲಿಗೆ ತುದಿಯಲ್ಲೇ ನಿಂತಿತ್ತು. ಅಪ್ಪನೇ ಕೇಳಿದ.

"ಮತ್ತೆ ಊದ್ತಾನಾ ಮೇಡಂ?"

"ಊದಬಹುದು ಅಂತ ಅನ್ಸುತ್ತೆ. ಖಂಡಿತ ಅಂತ ಹೇಳಲ್ಲ. ಹೊಲಿದ ಜಾಗ ಬಿಗಿ ಆಗುತ್ತೆ, ಸ್ಪರ್ಶ ಕಮ್ಮಿ ಆಗಬಹುದು. ಮೂರು ತಿಂಗಳು ಬಾಯಿಗೆ ವಾದ್ಯ ಮುಟ್ಟಿಸಬಾರದು. ಆಮೇಲೆ ನೋಡೋಣ."

ಬಸ್ಸಿನಲ್ಲಿ ವಾಪಸ್ ಬರುವಾಗ ಅಪ್ಪ ಮೂಢನಂಬಿಕೆಯ ಬಗ್ಗೆ ಇಡೀ ಬಸ್ಸಿಗೆ ಭಾಷಣ ಮಾಡಿದ. ಅದು ನನಗೆ ಕೇಳಿಸಲಿಲ್ಲ. ಖಂಡಿತ ಅಂತ ಹೇಳಲ್ಲ ಎನ್ನುವುದೊಂದೇ ಕಿವಿಯಲ್ಲಿತ್ತು. ಮನೆಯಲ್ಲಿ ಅವ್ವ ನಮ್ಮಿಬ್ಬರ ಮುಖ ನೋಡಿದ ಕೂಡಲೇ ವಿಷಯ ಹೊರಬಿದ್ದಿದೆ ಎಂದು ಅರ್ಥಮಾಡಿಕೊಂಡಳು. "ನನ್ನಿಂದ್ಲೇ ಆಯ್ತು, ನನ್ ಮಗನ್ ಬಾಯಿ ನಾನೇ ಕಳ್ದೆ" ಎಂದು ಗೋಡೆಗೆ ಒರಗಿ ಕೂತುಬಿಟ್ಟಳು. ದಾರಿಯುದ್ದಕ್ಕೂ ಅಬ್ಬರಿಸಿದ್ದ ಅಪ್ಪ ಅಲ್ಲಿ ಒಂದು ಮಾತೂ ಬೈಯಲಿಲ್ಲ. ಒಳಗೆ ಹೋಗಿ ತಾನೇ ಕಾಫಿ ಮಾಡಿ ತಂದ. ಉಪ್ಪಿನ ಡಬ್ಬ ಯಾವುದು, ಸಕ್ಕರೆಯ ಡಬ್ಬ ಯಾವುದು ಗೊತ್ತಿಲ್ಲದವನು ಮಾಡಿದ ಕಾಫಿ ಅದು. ಮೂವರೂ ಹಾಗೇ ಕುಡಿದೆವು.

ಹತ್ತು ದಿನ ಮಾತ್ರೆ ನುಂಗಿ ಸೋಂಕು ಇಳಿದ ಮೇಲೆ ಆಪರೇಶನ್. ಕೆನ್ನೆಯನ್ನಷ್ಟೇ ಮರಗಟ್ಟಿಸಿದ್ದರಿಂದ ಎಲ್ಲ ಕೇಳಿಸುತ್ತಿತ್ತು. ಅಲ್ಲಿದ್ದ ನರ್ಸಮ್ಮ, "ಬ್ಯಾಂಡಿನವರಂತೆ? ನನ್ನ ಮದ್ವೇಲಿ ಬ್ಯಾಂಡು ತಡವಾಗಿ ಬಂತು, ನಾವು ಬ್ಯಾಂಡಿಲ್ದೇ ಛತ್ರ ಸೇರಿದ್ವಿ. ನೀವೇನಾ ಅದು?" ಎಂದು ಕೇಳಿ ನಗಿಸಲು ನೋಡಿದರು. ನಗಬಾರದು, ಹೊಲಿಗೆ ಹಾಕುತ್ತಿದ್ದೇನೆ ಎಂದು ಡಾಕ್ಟರಮ್ಮ ಇಬ್ಬರಿಗೂ ಗದರಿದರು. ಕೊನೆಯವರೆಗೂ ಆ ನರ್ಸಮ್ಮ ನನ್ನ ಎಡಗೈಯನ್ನು ಹಿಡಿದುಕೊಂಡೇ ಇದ್ದರು. ಅವರ ಹೆಸರು ಕೇಳಲು ನನಗೆ ನೆನಪಾಗಲಿಲ್ಲ, ಆ ಕೈ ಮಾತ್ರ ಚೆನ್ನಾಗಿ ನೆನಪಿದೆ.

ಮುಂದಿನ ಮೂರು ತಿಂಗಳು ಮದುವೆಯ ಕಾಲ. ಇಮ್ತಿಯಾಜ್ ಭಾಯ್ ನನ್ನ ಜಾಗಕ್ಕೆ ಬೇರೆಯವರನ್ನು ಹಾಕಲಿಲ್ಲ. "ಕೋಟು ಹಾಕ್ಕೋ, ಪೀಸು ಹಿಡ್ಕೊ, ಸಾಲಲ್ಲಿ ನಡಿ. ಊದ್ಬೇಡ. ಬೆರಳಾಡಿಸು ಸಾಕು" ಎಂದರು. ಹಾಗೇ ಮಾಡಿದೆ. ಟ್ರಂಪೆಟ್ಟನ್ನು ತುಟಿಯಿಂದ ಎರಡು ಬೆರಳು ದೂರದಲ್ಲಿ ಹಿಡಿದು, ಬೆರಳಾಡಿಸುತ್ತಾ ಊರೆಲ್ಲ ನಡೆದೆ. ಒಬ್ಬರಿಗೂ ಗೊತ್ತಾಗಲಿಲ್ಲ. ಒಬ್ಬ ಮದುಮಗನ ಚಿಕ್ಕಪ್ಪನಂತೂ ನನ್ನ ಹತ್ತಿರವೇ ಬಂದು, "ಸೂಪರ್ ಆಗಿ ಊದ್ತಿದ್ದೀಯ ಗುರು" ಎಂದು ಬೆನ್ನು ತಟ್ಟಿದರು. ಇಡೀ ಕಾಯಿಲೆಯಲ್ಲಿ ನನಗೆ ಅತಿ ಹೆಚ್ಚು ನೋವು ಕೊಟ್ಟದ್ದು ಆ ಹೊಗಳಿಕೆ.

ಮೂರು ತಿಂಗಳು ಕಳೆದ ಮೇಲೆ ಡಾಕ್ಟರಮ್ಮ ಒಪ್ಪಿಗೆ ಕೊಟ್ಟರು, ಒಂದು ಷರತ್ತಿನ ಮೇಲೆ. ಮೊದಲ ಕೆಲವು ವಾರ ಊದುವಾಗ ಹೊರಗಿನಿಂದ ಕೆನ್ನೆಗೆ ಆಸರೆ ಇರಬೇಕು. ಟ್ರಂಪೆಟ್ಟಿಗೆ ಎರಡೂ ಕೈ ಬೇಕು, ಮೂರನೆಯದು ನನಗಿಲ್ಲ. "ನಾನಿಲ್ವೇನೋ" ಎಂದ ಅಪ್ಪ. ದಿನಾ ಬೆಳಿಗ್ಗೆ ತಾರಸಿಗೆ ಹೋಗಿ ನಿಲ್ಲುತ್ತಿದ್ದೆವು. ಅಪ್ಪ ಹೆಬ್ಬೆರಳನ್ನು ಗಾಯದ ಗೆರೆಯ ಮೇಲೆ ಒತ್ತಿ ಹಿಡಿಯುತ್ತಿದ್ದ, ನಾನು ಊದುತ್ತಿದ್ದೆ. ಆ ಜಾಗದಲ್ಲಿ ಮುಟ್ಟಿದ್ದೇ ತಿಳಿಯುತ್ತಿರಲಿಲ್ಲ, ಅಪ್ಪನ ಬೆರಳು ಅಲ್ಲಿದೆ ಎಂದು ನಂಬಿಯೇ ಊದಬೇಕು. ಮೊದಲ ದಿನ ಬಂದದ್ದು ಸ್ವರವಲ್ಲ, ಹಸುಗೂಸು ಸೀನಿದ ಹಾಗೆ ಏನೋ ಒಂದು. ಅಪ್ಪನ ಹೆಬ್ಬೆರಳಿನ ಮೇಲೆ ನನ್ನ ಕಣ್ಣೀರು ಬಿತ್ತು. "ಅಳ್ಬೇಡ ಕಣೋ, ಬೆರಳು ಜಾರ್ತದೆ. ಇನ್ನೊಂದ್ಸಲ ಊದು" ಎಂದ. ಎರಡನೇ ವಾರ ಕೆಳಗಿನ ಸ್ವರಗಳು ಬಂದವು. ಐದನೇ ವಾರ ಬೆರಳು ತೆಗೆದು ಊದಿದೆ. ಒಂದು ಬೆಳಿಗ್ಗೆ, ನಾನೇ ಎದುರುನೋಡಿರಲಿಲ್ಲ, ಮೇಲಿನ ಸ್ವರ ತುಂಬಿಕೊಂಡು ಬಂದು ಅಲ್ಲೇ ನಿಂತಿತು. ಅಪ್ಪ ತಾರಸಿಯಿಂದ ಕೆಳಗೆ ಬಾಗಿ, "ಬಂತು ಕಣೇ!" ಎಂದು ಕೂಗಿದ. ಅವ್ವ ಬಚ್ಚಲಿನಿಂದ ಓಡಿಬಂದಳು. ಎದುರುಮನೆಯವರೂ ಏನು ಬಂತೆಂದು ಹೊರಗೆ ಬಂದರು.

ಬಕೆಟ್ಟಿನಲ್ಲಿ ಕೆನ್ನೆ ಮುಳುಗಿಸಿಯೂ ನೋಡಿದೆ. ಗುಳ್ಳೆ ಇಲ್ಲ. ಆ ವಾರದ ಮದುವೆಯಲ್ಲಿ ಮೆರವಣಿಗೆ ಮುಗಿಯುವವರೆಗೆ ನಿಜವಾಗಿ ಊದಿದೆ.

ಮಾರನೇ ದಿನ ಊಟಕ್ಕೆ ಕೂತಾಗ ಅವ್ವ ಬಹಳ ಪ್ರೀತಿಯಿಂದ ಅಪ್ಪನಿಗೆ ಎರಡನೇ ಸಲ ಸಾರು ಬಡಿಸಿದಳು. ನನಗೆ ಆಗಲೇ ಅನುಮಾನ ಬಂತು.

"ಇನ್ನೊಂದು ಅರಕೆ ಇತ್ತು" ಎಂದಳು. "ಇವ್ನು ಮತ್ತೆ ಊದಂಗಾದ್ರೆ ಬಾಯಿಬೀಗ ಹಾಕಿಸ್ತೀನಿ ಅಂತ."

ನಾನು ಎರಡೂ ಕೆನ್ನೆ ಮುಚ್ಚಿಕೊಂಡೆ.

"ನಿಂಗಲ್ಲ ಕಣೋ. ನಿಮ್ಮಪ್ಪಂಗೆ."

ಭಾಗ್ಯಳಿಗೆ ಅನ್ನ ನೆತ್ತಿಗೆ ಹತ್ತಿತು. ಅಪ್ಪ ತಟ್ಟೆ ಬಿಟ್ಟು ಎದ್ದು, ಬುದ್ಧನ ಫೋಟೋದ ಹತ್ತಿರ ಹೋಗಿ ನಿಂತು, ಅರ್ಧ ಗಂಟೆ ಮಾತಾಡಿದ. ಕಾರ್ಯಕಾರಣ ಸಂಬಂಧ ಎಂದರೇನು, ಹೊಲಿಗೆ ಹಾಕಿದ್ದು ಯಾರು, ಹೆಬ್ಬೆರಳು ಒತ್ತಿದ್ದು ಯಾರು, ಎಲ್ಲ ಹೇಳಿದ. ಕೊನೆಗೆ ತುರುಪಿನ ಎಲೆ ಹಾಕಿದ. ತಾನು ರಕ್ತ ತೆಳುವಾಗುವ ಮಾತ್ರೆ ನುಂಗುವವನು, ಸೂಜಿ ತಾಗಿದರೂ ರಕ್ತ ನಿಲ್ಲುವುದಿಲ್ಲ, ಹಾರ್ಟ್ ಡಾಕ್ಟರು ಒಪ್ಪುವುದೇ ಇಲ್ಲ. ಅವ್ವ ಶಾಂತವಾಗಿ ಕೇಳಿಸಿಕೊಂಡಳು.

"ಸುಮ್ಕಿರಿ. ಯಾರು ಚುಚ್ತಾರೆ ಅಂದ್ರು? ಒಂದ್ಸಲ ಚುಚ್ಸಿ ಬುದ್ಧಿ ಬಂದದೆ ನಂಗೆ. ಸರಳು ಬ್ಯಾಡ. ಒಂದಿನ ಬಾಯಿ ಮುಚ್ಕೊಂಡಿರಿ, ಹೊತ್ತು ಹುಟ್ಟಿದಾಗಿಂದ ಮುಳುಗಗಂಟ. ಅಷ್ಟೇಯ."

ಅಪ್ಪ ನನ್ನ ಕಡೆ ನೋಡಿದ. ಸರಳೇ ವಾಸಿ ಎನ್ನುವ ಹಾಗಿತ್ತು ಮುಖ. ಆದರೆ ಒಪ್ಪಿಕೊಂಡ.

ಆ ಭಾನುವಾರ ನಮ್ಮ ಮನೆಯಲ್ಲಿ ಏನೋ ಕೆಟ್ಟು ನಿಂತ ಹಾಗಿತ್ತು. ಅಪ್ಪ ಪೇಪರು ಓದಿ, ಬಾಯಿ ತೆರೆದು, ಮುಚ್ಚಿಕೊಂಡ. ಚೀಟಿಯಲ್ಲಿ ಬರೆಯಹೋದ. ಬರೆಯುವುದೂ ಮಾತೇ ಎಂದು ಅವ್ವ ಪೆನ್ನು ಕಿತ್ತುಕೊಂಡಳು. ಪಾರ್ಕಿಗೆ ಹೋದವನು ಇಪ್ಪತ್ತೇ ನಿಮಿಷಕ್ಕೆ ವಾಪಸ್ ಬಂದ. ಅಲ್ಲಿ ಗೆಳೆಯರು ತಪ್ಪು ತಪ್ಪಾಗಿ ವಾದ ಮಾಡುತ್ತಿದ್ದರಂತೆ, ತಿದ್ದಲಾಗದೆ ಕೂರುವುದು ಅವನಿಂದ ಆಗಲಿಲ್ಲ. ಇದನ್ನೂ ಅವನು ಕೈಸನ್ನೆಯಲ್ಲೇ ಹೇಳಿದ. ಮಧ್ಯಾಹ್ನದ ಮೇಲೆ ಸನ್ನೆಯೂ ನಿಂತಿತು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಸೊಪ್ಪು ಬಿಡಿಸುತ್ತಿದ್ದ ಅವ್ವನನ್ನೇ ನೋಡುತ್ತಾ ಸುಮ್ಮನೆ ಕೂತ. ನಾನು ತಾರಸಿಯಲ್ಲಿ ಊದಿದೆ. ಇಳಿದು ಬಂದಾಗಲೂ ಹಾಗೇ ಕೂತಿದ್ದ.

ಹೊತ್ತು ಮುಳುಗಿತು. ಅವ್ವ ದೀಪ ಹಚ್ಚಿ, ಒಂದು ಲೋಟ ನೀರು ತಂದು ಕೊಟ್ಟು, "ಈಗ ಮಾತಾಡಿ" ಎಂದಳು. ನಾನು, ಭಾಗ್ಯ ಇಬ್ಬರೂ ಬಂದು ನಿಂತೆವು. ಹನ್ನೆರಡು ಗಂಟೆಯ ಮಾತು ಒಟ್ಟಿಗೇ ಹೊರಬೀಳುವುದನ್ನು ನೋಡಬೇಕಿತ್ತು ನಮಗೆ.

ಅಪ್ಪ ನೀರು ಕುಡಿದ. ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಅವ್ವನನ್ನು ಕೇಳಿದ.

"ನನ್ನ ಆಪರೇಶನ್ನಿಗೆ ಒಳಕ್ಕೆ ಕರ್ಕೊಂಡೋದ ದಿನ, ನೀನು ಹೊರಗಡೆ ಇಂಗೇ ಕೂತಿದ್ಯಾ? ಇಷ್ಟೊತ್ತೂ? ಯಾರ ಜೊತೇಲೂ ಮಾತಿಲ್ದೆ?"

ಅವ್ವ ಲೋಟ ಈಸಿಕೊಂಡಳು.

"ಊಂ. ಇಂಗೇ ಕೂತಿದ್ದೆ" ಎಂದಳು. "ಮಧ್ಯದಲ್ಲಿ ಒಂದ್ಸಲ ಎದ್ದೋಗಿ ಟೀ ಕುಡ್ದೆ."